ಊರ ಹೆಸರು ಹೊತ್ತ ಮಹಡಿಮನೆ

ಮುರ್ಡೇಶ್ವರ ದೇವಸ್ಥಾನವಿರುವ ಮಾವಳ್ಳಿಯಿಂದ ಬೆಳಿಗ್ಗೆ ಬೈಕು ಹತ್ತಿದರೆ ಊಟದ ಹೊತ್ತಿಗೆ ಕೈಕಿಣಿ, ಬೈಲೂರು, ಶಿರಾಲಿ, ಹೆಬಳೆ ಎಲ್ಲ ಸುತ್ತಿ ಬರಬಹುದು. ಎಲ್ಲವೂ ಭಟ್ಕಳ ತಾಲೂಕಿನ ಊರುಗಳು. ಮುಂಬಯಿಯ ಸಾರಸ್ವತ ವಸತಿಗಳಲ್ಲಿ ಇವೇ ಹೆಸರುಗಳು ಮನುಷ್ಯರ ಅಡ್ಡಹೆಸರಾಗಿ ಬಾಗಿಲ ಮೇಲೆ ಕೂತಿವೆ. ಊರಿನಲ್ಲಿ ಗದ್ದೆ, ತೋಟ, ಹೊಳೆ ದಾಟಿ ಹೋಗಬೇಕಿದ್ದ ನೆಂಟರ ಮನೆ ಅಲ್ಲಿ ಒಂದು ಮಹಡಿ ಮೇಲೆ.

ಇದರ ಬೇರು 1862ರಲ್ಲಿದೆ. ಆ ವರ್ಷ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಬಾಂಬೆ ಪ್ರಾಂತ್ಯಕ್ಕೆ ಸೇರಿತು. ಕೋರ್ಟು, ಕಾಲೇಜು, ಸರಕಾರಿ ನೌಕರಿ ಎಲ್ಲಕ್ಕೂ ಮುಂಬಯಿಯೇ ರಾಜಧಾನಿಯಾಯಿತು. ಧಾರವಾಡ ಸೀಮೆಯ ಹತ್ತಿಯನ್ನು ಹಡಗಿಗೆ ತುಂಬಿ ಬೆಳೆದಿದ್ದ ಕುಮಟಾ ಬಂದರು, ಮರ್ಮಗೋವಾಕ್ಕೆ ರೈಲು ಬಂದ ಮೇಲೆ ಸೊರಗಿತು. ಓದಿದ ಹುಡುಗರು ಸ್ಟೀಮರು ಹತ್ತಿದರು. 1855ರಲ್ಲಿ ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರ್ಕರರು ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಯಾದರು. 1900ರ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷತೆಯನ್ನೂ ವಹಿಸಿದರು. ಆದರೆ ಹೋದವರಲ್ಲಿ ಹೆಚ್ಚಿನವರು ಗುಮಾಸ್ತರು. ಅವರಿಗೆ ಸಿಕ್ಕಿದ್ದು ಚಾಳಿನ ಒಂದು ಖೋಲಿ.

ಅಂಗಳ, ತುಳಸಿಕಟ್ಟೆ, ಬಾವಿ, ತಾಮ್ರದ ಹಂಡೆಯ ಬಚ್ಚಲು ಕಂಡವರಿಗೆ ಚಾಳೆಂದರೆ ಉದ್ದನೆಯ ಗ್ಯಾಲರಿ, ಸಾಲು ಬಾಗಿಲು, ತುದಿಯಲ್ಲಿ ಎಲ್ಲರಿಗೂ ಸೇರಿದ ನಳ ಮತ್ತು ಪಾಯಖಾನೆ. ಅಡುಗೆ, ನಿದ್ದೆ, ಬಾಣಂತನ ಎಲ್ಲವೂ ಅದೇ ನಾಲ್ಕು ಗೋಡೆಯೊಳಗೆ.

1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಮಾಂಡ್ವಿಯ ಗೋದಾಮುಗಳ ಸುತ್ತ ಕಾಣಿಸಿಕೊಂಡು ಊರೆಲ್ಲ ಹರಡಿತು. ಇಕ್ಕಟ್ಟೇ ರೋಗದ ತಾಯಿ ಎಂದು ಬಗೆದ ಸರಕಾರ 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಹುಟ್ಟುಹಾಕಿತು. ಟ್ರಸ್ಟ್ ಹಳೆಯ ಕೇರಿಗಳನ್ನು ಕೆಡವಿ ರಸ್ತೆ ಹಾಕಿತು, ಹೊಸ ಬಡಾವಣೆಗಳಲ್ಲಿ ಜಾಗವನ್ನು ಗೇಣಿಗೆ ಕೊಟ್ಟಿತು. ಅದೇ ಪ್ಲೇಗು ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿಗಳಿಗೆ ಕಾರಣವಾಯಿತು. ಅಲ್ಲಿ ಜಾಗವಿತ್ತು, ಸೈಟು ಕೊಂಡು, ತೆಂಗಿನ ಸಸಿ ನೆಟ್ಟು ಮನೆ ಕಟ್ಟಿಸಬಹುದಿತ್ತು. ಮುಂಬಯಿಯ ನೆಲದ ಬೆಲೆಗೆ ಗುಮಾಸ್ತನ ಸಂಬಳ ಮುಟ್ಟುವಂತಿರಲಿಲ್ಲ. ನೆಲ ಹಂಚಿಕೊಂಡು ಮೇಲಕ್ಕೆ ಕಟ್ಟುವುದೊಂದೇ ದಾರಿ. ಆದರೆ ಹತ್ತಾರು ಕುಟುಂಬಗಳಿರುವ ಕಟ್ಟಡ ಯಾರ ಹೆಸರಿನಲ್ಲಿರಬೇಕು?

ಈ ಪ್ರಶ್ನೆಗೆ ಉತ್ತರ ಕೊಟ್ಟವರು ರಾವ್ ಬಹದ್ದೂರ್ ಶ್ರೀಪಾದ ಸುಬ್ಬರಾವ್ ತಲ್ಮಕಿ. 1904ರ ಸಹಕಾರ ಕಾಯ್ದೆ ಸಾಲದ ಸಂಘಗಳಿಗೆ ಮಾತ್ರ ಅವಕಾಶ ಕೊಟ್ಟಿತ್ತು. ಅದರಡಿ ಅವರು 1906ರಲ್ಲಿ ತಮ್ಮ ಗುರು ಶಾಮರಾವ್ ವಿಠಲ ಕೈಕಿಣಿಯವರ ಹೆಸರಿನಲ್ಲಿ ಸಹಕಾರಿ ಬ್ಯಾಂಕು ತೆರೆದರು. ಮಾವಳ್ಳಿಯ ಪಕ್ಕದ ಊರಿನ ಹೆಸರು ಹೀಗೆ ಮುಂಬಯಿಯ ಬ್ಯಾಂಕಿನ ಚರಿತ್ರೆಗೆ ಸೇರಿತು. 1912ರ ಕಾಯ್ದೆ ಬೇರೆ ಬಗೆಯ ಸಂಘಗಳಿಗೂ ಬಾಗಿಲು ತೆರೆಯಿತು. 1915ರಲ್ಲಿ ಗಾಮದೇವಿಯ ಸಾರಸ್ವತ ಕೋಆಪರೇಟಿವ್ ಹೌಸಿಂಗ್ ಸೊಸೈಟಿ ನೋಂದಣಿಯಾಯಿತು. ಮುಂಬಯಿಯ ಮೊದಲ ಸಹಕಾರಿ ವಸತಿ ಸಂಘ ಇದು. ಜಾಗ ಟ್ರಸ್ಟಿನದು, ಸದಸ್ಯರು ಶಿರಾಲಿಯ ಚಿತ್ರಾಪುರ ಮಠದ ಶಿಷ್ಯವರ್ಗ. ಮನೆಯಲ್ಲಿ ಕೊಂಕಣಿ, ಕಾಗದಪತ್ರಕ್ಕೆ ಕನ್ನಡ ಎಂದು ಬೆಳೆದು ಬಂದವರು.

ಮಾದರಿ ಇಂಗ್ಲೆಂಡಿನದು. ಲಂಡನ್ನಿನ ಅಂಚಿನ ಈಲಿಂಗ್‌ನಲ್ಲಿ 1901ರಲ್ಲಿ ಶುರುವಾದ ಸಂಘವೊಂದರಲ್ಲಿ ಬಾಡಿಗೆದಾರನೇ ಪಾಲುದಾರ. ಗಾಮದೇವಿಯಲ್ಲೂ ಸದಸ್ಯ ಮನೆ ಕೊಳ್ಳಲಿಲ್ಲ, ಷೇರು ಕೊಂಡ. ಕಟ್ಟಡದ ಒಡೆತನ ಸಂಘದ್ದು, ಸಾಲ ಸಂಘದ್ದು, ತಿಂಗಳ ಬಾಡಿಗೆ ಸಂಘಕ್ಕೆ. ಆ ಬಾಡಿಗೆಯಲ್ಲೇ ಬಡ್ಡಿ, ತೆರಿಗೆ, ರಿಪೇರಿ ಎಲ್ಲ ಕಳೆಯಬೇಕು. ಇಡೀ ಮನೆಯ ದುಡ್ಡು ಒಟ್ಟಿಗೆ ಎಣಿಸಲಾರದವನಿಗೂ ಮನೆ ದಕ್ಕಿದ್ದು ಹೀಗೆ. ಮಾಲೀಕ ಬಾಡಿಗೆ ಏರಿಸಿಯಾನು ಎಂಬ ಭಯ ಹೋಯಿತು. ಮಾರಿ ಲಾಭ ಮಾಡುವ ಆಸೆಗೂ ಎಡೆಯಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ತಕರಾರು ಎಬ್ಬಿಸಿದ್ದು ಪಾಯಖಾನೆ. ಊರಿನಲ್ಲಿ ಅದು ಹಿತ್ತಿಲಿನಾಚೆ ಇತ್ತು. ಚಾಳಿನಲ್ಲೂ ಗ್ಯಾಲರಿಯ ತುದಿಗಿತ್ತು. ಫ್ಲ್ಯಾಟಿನಲ್ಲಿ ಅದು ಅಡುಗೆಮನೆಗೆ ನಾಲ್ಕೇ ಹೆಜ್ಜೆ ಹತ್ತಿರ ಬಂತು. ಮಡಿ ಉಟ್ಟು ಒಲೆ ಹಚ್ಚುವ ಮನೆಗೆ ಇದು ಸಣ್ಣ ಮಾತಲ್ಲ. ಕೊನೆಗೆ ಗೆದ್ದದ್ದು ಅನುಕೂಲವೇ: ಸ್ವಂತ ನಲ್ಲಿ, ಸ್ವಂತ ಬಚ್ಚಲು, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಮುಂಬಾಗಿಲು.

ಸಾಲಕ್ಕೆ ಜಾಮೀನಾದದ್ದು ಪರಿಚಯ. ಯಾರ ಮಗ, ಯಾವ ಊರು, ಕಂತು ತಪ್ಪಿಸುವವನೇ ಎಂಬುದು ಎಲ್ಲರಿಗೂ ಗೊತ್ತು. ಆದರೆ ಆ ಪರಿಚಯದ ಬೇಲಿಯಾಚೆ ನಿಂತವನಿಗೆ, ಅದೇ ಸಂಬಳದ ಗುಮಾಸ್ತನೇ ಆದರೂ, ಬಾಗಿಲು ತೆರೆಯುತ್ತಿರಲಿಲ್ಲ. ಮುಂದೆ ಬೇರೆ ಸಮುದಾಯಗಳೂ ತಮ್ಮ ತಮ್ಮ ಸೊಸೈಟಿ ಕಟ್ಟಿಕೊಂಡವು. ಒಂದೇ ಸಮುದಾಯಕ್ಕೆ ಸದಸ್ಯತ್ವ ಮೀಸಲಿಡುವ ಬೈಲಾ ನಡೆಯುತ್ತದೆಂದು ಸುಪ್ರೀಂ ಕೋರ್ಟ್ 2005ರಲ್ಲಿ ಅಹಮದಾಬಾದಿನ ಪಾರ್ಸಿ ಸೊಸೈಟಿಯ ಪ್ರಕರಣದಲ್ಲಿ ಹೇಳಿತು.

ಗಾಮದೇವಿಯ ಬಳಿಕ ತಾರ್‌ದೇವದಲ್ಲಿ ತಲ್ಮಕಿವಾಡಿ ಎದ್ದಿತು, ಸಾಂತಾಕ್ರೂಜಿನಲ್ಲಿ ಸಾರಸ್ವತ ಕಾಲೊನಿ. 1947ರ ಬಾಡಿಗೆ ಕಾಯ್ದೆ ಹಳೆಯ ಬಾಡಿಗೆಗಳನ್ನು ಕಟ್ಟಿಹಾಕಿದ ಮೇಲೆ ಬಾಡಿಗೆಗೆಂದು ಮನೆ ಕಟ್ಟಿಸುವವರು ಕಡಿಮೆಯಾದರು. ಖೋಲಿ ಬಿಟ್ಟುಕೊಡಲು ಪಗಡಿ ಎಂಬ ಗುಟ್ಟಿನ ಗಂಟು ಕೈ ಬದಲಿಸತೊಡಗಿತು. ಆಮೇಲೆ ಬಂದವನು ಬಿಲ್ಡರ್: ಮೊದಲು ಕಟ್ಟಡ, ಆಮೇಲೆ ಸೊಸೈಟಿ. ಅವನಿಗೆ ಲಗಾಮು ಹಾಕಲು ಮಹಾರಾಷ್ಟ್ರ 1963ರಲ್ಲಿ ಫ್ಲ್ಯಾಟುಗಳ ಕಾಯ್ದೆ ತಂದಿತು. ಅಷ್ಟರಲ್ಲಿ, 1956ರಲ್ಲೇ, ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಬಂದಿತ್ತು. ನೌಕರಿಯ ದಾರಿ ಮೆಲ್ಲಗೆ ಬೆಂಗಳೂರಿನತ್ತ ತಿರುಗಿತು.

ಕರ್ನಾಟಕದ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ 1972ರದ್ದು. ಇಂದು ಭಟ್ಕಳದ ಹುಡುಗಿಯೊಬ್ಬಳು ಬೆಂಗಳೂರಿನಲ್ಲಿ ಎರಡು ಕೋಣೆಯ ಫ್ಲ್ಯಾಟು ಕೊಂಡರೆ ಕ್ರಯಪತ್ರದಲ್ಲಿ ಅವಳ ಮನೆಯ ಚದರಡಿಯ ಜೊತೆಗೆ ನೆಲದ ಅವಿಭಜಿತ ಪಾಲೂ ಬರೆದಿರುತ್ತದೆ. ಒಂದಿಷ್ಟು ಚದರಡಿ ಮಣ್ಣು, ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲಾಗದ್ದು. ಗಾಮದೇವಿಯ ಗುಮಾಸ್ತನ ಕೈಯಲ್ಲಿದ್ದ ಷೇರುಪತ್ರದಲ್ಲಿ ಅಷ್ಟು ಮಣ್ಣೂ ಇರಲಿಲ್ಲ. ಸಂಘದ ಹೆಸರಿತ್ತು, ಅದರ ಕೆಳಗೆ ಅವನ ಊರಿನ ಹೆಸರಿತ್ತು.