ಮೆರವಣಿಗೆಯ ಮಹಾಶಬ್ದ

ಶಿರಾ ತಾಲ್ಲೂಕಿನ ಬರಗೂರು ಹಿಂದೆ ನೊಳಂಬರು ಆಳಿದ ನಾಡಿಗೆ ಸೇರಿದುದು. ಅವರ ರಾಜಧಾನಿಯಾಗಿದ್ದ ಹೆಂಜೇರು, ಎಂದರೆ ಈಗ ಆಂಧ್ರಪ್ರದೇಶದಲ್ಲಿರುವ ಹೇಮಾವತಿಯು, ಇಲ್ಲಿಗೆ ಬಹು ದೂರವೇನೂ ಅಲ್ಲ. ನೊಳಂಬರ ಶಾಸನಗಳಲ್ಲಿ ‘ಸಮಧಿಗತ ಪಂಚಮಹಾಶಬ್ದ’ ಎಂಬ ಬಿರುದು ಕಾಣುತ್ತದೆ. ಐದು ಮಹಾವಾದ್ಯಗಳನ್ನು ಮುಂದೆ ನುಡಿಸಿಕೊಂಡು ಸಾಗುವ ಮರ್ಯಾದೆಯನ್ನು ಪಡೆದವನೆಂದು ಅದರ ಅರ್ಥ. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಇವೇ ಆ ಐದೆಂದು ಹೇಳುವರು. ಇವೆಲ್ಲವೂ ಬಯಲಿನ ವಾದ್ಯಗಳೆಂಬುದನ್ನು ಗಮನಿಸಬೇಕು. ಊದುವ ಹಕ್ಕೇ ಆಗ ಅಧಿಕಾರದ ಗುರುತಾಗಿತ್ತು.

ಮೈಸೂರು ಸಂಸ್ಥಾನದಲ್ಲಿಯೂ ಈ ಸಂಪ್ರದಾಯವು ಬೇರೊಂದು ರೂಪದಿಂದ ಉಳಿಯಿತು. ೧೯೪೦ರವರೆಗೆ ಆಳಿದ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಕರ್ನಾಟಕ ಬ್ಯಾಂಡು, ಇಂಗ್ಲಿಷ್ ಬ್ಯಾಂಡು ಎರಡೂ ಇದ್ದುವು. ಯೂರೋಪಿನ ಸೈನ್ಯಗಳೊಡನೆ ಬಂದ ಹಿತ್ತಾಳೆಯ ವಾದ್ಯಗಳು ನಮ್ಮ ಕೊಂಬು ಕಹಳೆಗಳಿಗೆ ಹೊಸ ನೆಂಟರಾದುವು.

ಈ ನೆಂಟರಲ್ಲಿ ಅತಿ ದೊಡ್ಡದು ಸೂಸಫೋನ್. ಅಮೆರಿಕದ ನೌಕಾಪದಾತಿ ದಳದ ಬ್ಯಾಂಡಿಗೆ ೧೮೮೦ರಿಂದ ೧೮೯೨ರವರೆಗೆ ನಾಯಕರಾಗಿದ್ದ ಜಾನ್ ಫಿಲಿಪ್ ಸೂಸರವರ ಹೆಸರೇ ಇದಕ್ಕೆ ಬಂದಿದೆ. ಅದಕ್ಕೆ ಮುಂಚೆ ಮೈಸುತ್ತ ಬಳಸುವ ಹೆಲಿಕನ್ ಎಂಬ ಕೊಂಬಿತ್ತು. ಅದರ ನಾದವು ಒಂದೇ ಕಡೆಗೆ ನುಗ್ಗುವುದು ಸೂಸರಿಗೆ ಹಿಡಿಸಲಿಲ್ಲ. ಅವರ ಸಲಹೆಯಂತೆ ೧೮೯೩ರಲ್ಲಿ ಫಿಲಡೆಲ್ಫಿಯದ ಪೆಪ್ಪರ್ ಕಂಪೆನಿಯು ಬಾಯಿ ಮೇಲ್ಮುಖವಾದ ವಾದ್ಯವನ್ನು ಮಾಡಿತು. ಅದು ಸಭಾಮಂದಿರಕ್ಕೆ ಒಪ್ಪುವಂಥದು. ಬಾಯಿ ಮುಂದಕ್ಕೆ ತಿರುಗಿದ ಮೇಲೆಯೇ ಅದು ಬೀದಿಗೆ ತಕ್ಕ ವಾದ್ಯವಾಯಿತು. ಬಯಲಿನಲ್ಲಿ ನಾದವನ್ನು ಹಿಂದಿರುಗಿಸುವ ಗೋಡೆಗಳಿಲ್ಲ. ಆದ್ದರಿಂದ ಮಂದ್ರಸ್ವರಕ್ಕೆ ಅಗಲವಾದ ಬಾಯಿ ಬೇಕು, ಅದು ಜನರ ಕಡೆಗೇ ಇರಬೇಕು.

ಬಿಚ್ಚಿ ನೀಳವಾಗಿ ಹಿಡಿದರೆ ಇದರ ಕೊಳವೆ ಸುಮಾರು ೧೮ ಅಡಿಯಾದೀತು. ಹಿತ್ತಾಳೆಯದಾದರೆ ತೂಕವು ೧೨ ಕಿಲೋಗ್ರಾಂಗಳನ್ನು ಮೀರುವುದುಂಟು. ಆದುದರಿಂದ ಕೊಳ್ಳುವವನು ಮೊದಲು ಹೆಗಲಮೇಲೆ ಹೊತ್ತು ಹತ್ತು ನಿಮಿಷ ನಡೆದು ನೋಡಬೇಕು. ಫೈಬರ್ ಗಾಜಿನದು ಹಗುರ, ಆದರೆ ಹಿತ್ತಾಳೆಯ ನಾದದ ತುಂಬು ಅದಕ್ಕೆ ಬರುವುದಿಲ್ಲ. ಹಳೆಯ ವಾದ್ಯವಾದರೆ ಹೊಳಪಿಗೆ ಮರುಳಾಗಬಾರದು. ಅಗಲವಾದ ಬಾಯಿಯಲ್ಲಿ ಒಂದು ತಗ್ಗಿದ್ದರೆ ಹೆಚ್ಚು ನಷ್ಟವಿಲ್ಲ. ಸಣ್ಣ ಕೊಳವೆಯಲ್ಲಿ ತಗ್ಗು ಬಿದ್ದಿದ್ದರೆ ಸ್ವರವೇ ಕೆಡುತ್ತದೆ. ಬೆರಳಿನಿಂದ ಒತ್ತುವ ವಾಲ್ವುಗಳು ತಡೆಯದೆ ಇಳಿದು ಏರಬೇಕು, ಅವುಗಳ ಪಕ್ಕದಲ್ಲಿ ಗಾಳಿ ಸೋರಬಾರದು. ಬೆಸುಗೆಗಳನ್ನೂ ಒಂದೊಂದಾಗಿ ಪರೀಕ್ಷಿಸಬೇಕು.

ಬರಗೂರಿನ ಸೀಮೆ ಮಳೆ ಕಡಿಮೆಯಾದುದು. ಇಲ್ಲಿ ವಾದ್ಯಕ್ಕೆ ಧೂಳೇ ಮೊದಲ ಶತ್ರು. ನುಡಿಸಿದ ಮೇಲೆ ಒಳಗೆ ನಿಂತ ನೀರನ್ನು ಬಸಿದು ಬಟ್ಟೆ ಮುಚ್ಚಿಡಬೇಕು. ವಾಲ್ವಿಗೆ ಅದಕ್ಕೆಂದೇ ಬರುವ ತೆಳುವಾದ ಎಣ್ಣೆಯನ್ನು ಹಾಕಬೇಕು. ಕೊಬ್ಬರಿಯೆಣ್ಣೆ ಚಳಿಗೆ ಹೆಪ್ಪುಗಟ್ಟಿ ಅದನ್ನು ಹಿಡಿದುಬಿಡುತ್ತದೆ. ಮನೆಯ ಚೊಂಬು ತಂಬಿಗೆಗಳಂತೆ ಹುಣಿಸೆಹಣ್ಣಿನಿಂದ ಉಜ್ಜಿದರೆ ಮೇಲಿನ ಮೆರುಗು ಹಾಳಾಗುತ್ತದೆ. ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸಾಬೂನು ಸಾಕು. ಬಿಸಿಲಿಗೆ ಕೊಳವೆಯೊಳಗಿನ ಗಾಳಿ ಕಾದಾಗ ಶ್ರುತಿ ಏರುವುದರಿಂದ, ಶ್ರುತಿಗೊಳವೆಯನ್ನು ಸ್ವಲ್ಪ ಹೊರಕ್ಕೆಳೆದು ಸರಿಪಡಿಸಿಕೊಳ್ಳಬೇಕು.

ಅರಮನೆಯ ವಾದ್ಯಕ್ಕೆ ಅರಮನೆಯ ಬೊಕ್ಕಸವಿತ್ತು. ಮದುವೆ ಜಾತ್ರೆಗಳ ಸಂಭಾವನೆಯಿಂದ ಬಾಳುವ ಬ್ಯಾಂಡಿನವರಿಗೆ ಅಂಥ ಆಸರೆಯಿಲ್ಲ. ಲಗ್ನದ ದಿನಗಳಲ್ಲಿ ವಾಲ್ವೊಂದು ಕಚ್ಚಿಕೊಂಡರೆ ಆ ತಿಂಗಳ ಅನ್ನಕ್ಕೇ ಕುತ್ತು ಬರುತ್ತದೆ. ಒಂದು ಕಾಲಕ್ಕೆ ಸಾಮಂತನು ದೊರೆಯಿಂದ ಬೇಡಿ ಪಡೆಯಬೇಕಾಗಿದ್ದ ಶೃಂಗನಾದವು ಇಂದು ಬಡವನ ಮಗಳ ಮದುವೆಯ ಮುಂದೆಯೂ ಮೊಳಗಬಲ್ಲುದು. ಇದು ನಮ್ಮ ಚರಿತ್ರೆಯಲ್ಲಿ ಸಣ್ಣ ಮಾರ್ಪಾಟಲ್ಲ. ಆ ನಾದವನ್ನು ಹೊತ್ತು ನಡೆಯುವವನ ಹೆಗಲನ್ನೂ ಅವನ ವಾದ್ಯದ ಆರೋಗ್ಯವನ್ನೂ, ಮೆರವಣಿಗೆಗೆ ಕರೆಯುವ ನಾವು ನೆನೆಯುವುದು ನ್ಯಾಯ.