ಎದುರಾಳಿಯಿಲ್ಲದೆ ಹುಟ್ಟಿದ ಕ್ಲಬ್ಬು: ಶೆಫೀಲ್ಡ್ ಫುಟ್‌ಬಾಲಿನ ಮೊದಲ ದಶಕಗಳು

ಚಾಕು-ಕತ್ತರಿಗಳ ತಯಾರಿಕೆಗೂ ಉಕ್ಕಿಗೂ ಹೆಸರಾದ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ 1857ರ ಅಕ್ಟೋಬರ್ 24ರಂದು ಸ್ಥಾಪನೆಗೊಂಡ ಶೆಫೀಲ್ಡ್ ಫುಟ್‌ಬಾಲ್ ಕ್ಲಬ್ಬು, ಇಂದಿಗೂ ಉಳಿದಿರುವ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಅತ್ಯಂತ ಹಳೆಯದೆಂದು ಮನ್ನಣೆ ಪಡೆದಿದೆ. ಈ ಹಿರಿತನಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸುವುದು ಅದು ಹುಟ್ಟಿದ ಸಂದರ್ಭ. ಆಗ ಅದರೊಡನೆ ಸೆಣಸಬಲ್ಲ ಇನ್ನೊಂದು ಕ್ಲಬ್ಬು ಊರಿನಲ್ಲಿರಲಿಲ್ಲ, ಎಲ್ಲರೂ ಒಪ್ಪಿದ ನಿಯಮಗಳು ದೇಶದಲ್ಲೇ ಇರಲಿಲ್ಲ.

ಸ್ಥಾಪಕರಾದ ನಥಾನಿಯಲ್ ಕ್ರೆಸ್ವಿಕ್ ಮತ್ತು ವಿಲಿಯಂ ಪ್ರೆಸ್ಟ್ ಇಬ್ಬರೂ ಕ್ರಿಕೆಟ್ ಆಟಗಾರರು. ಕ್ರಿಕೆಟ್ ನಿಂತುಹೋಗುವ ಚಳಿಗಾಲದಲ್ಲೂ ಮೈಗೆ ವ್ಯಾಯಾಮ ಬೇಕೆಂಬುದು ಅವರ ಉದ್ದೇಶವಾಗಿತ್ತು. ಸದಸ್ಯರು ಹೆಚ್ಚಾಗಿ ನಗರದ ಅನುಕೂಲಸ್ಥ ವರ್ಗದವರು. ಎದುರಾಳಿಗಳಿಲ್ಲದ ಕಾರಣ ಅವರು ತಮ್ಮನ್ನೇ ಎರಡು ಪಾಳೆಯಗಳಾಗಿ ವಿಂಗಡಿಸಿಕೊಂಡು, ಒಮ್ಮೆ ವಿವಾಹಿತರು ಅವಿವಾಹಿತರ ವಿರುದ್ಧ, ಇನ್ನೊಮ್ಮೆ ಹೆಸರಿನ ಮೊದಲಕ್ಷರದ ಆಧಾರದಲ್ಲಿ ಬೇರ್ಪಟ್ಟು ಆಡುತ್ತಿದ್ದರು.

ಹೀಗೆ ತಮ್ಮತಮ್ಮಲ್ಲೇ ಆಡಿಕೊಳ್ಳುವುದಕ್ಕೂ ಕಟ್ಟಳೆ ಬೇಕಿತ್ತು. ಪಬ್ಲಿಕ್ ಸ್ಕೂಲ್ ಎಂಬ ಹೆಸರಿದ್ದರೂ ಸಾರ್ವಜನಿಕರಿಗೆ ಎಟುಕದ, ಸಿರಿವಂತರ ಮಕ್ಕಳ ವಸತಿಶಾಲೆಗಳಲ್ಲಿ ಒಂದೊಂದರದೂ ಒಂದೊಂದು ಬಗೆಯ ಫುಟ್‌ಬಾಲ್ ಆಗಿದ್ದುದರಿಂದ, 1858ರ ಅಕ್ಟೋಬರಿನಲ್ಲಿ ಸಭೆ ಸೇರಿದ ಸದಸ್ಯರು ತಮ್ಮದೇ ನಿಯಮಾವಳಿಯನ್ನು ರೂಪಿಸಿದರು. ಅದರಂತೆ ಎದುರಾಳಿಯನ್ನು ಕೈಯಿಂದ ತಳ್ಳಬಹುದಿತ್ತು, ಆದರೆ ಮೊಣಕಾಲ ಕೆಳಗೆ ಒದೆಯುವುದಾಗಲಿ ಕಾಲು ಅಡ್ಡಕೊಟ್ಟು ಬೀಳಿಸುವುದಾಗಲಿ ಕೂಡದು. ಚೆಂಡನ್ನು ಕೈಯಿಂದ ಹೊಡೆಯಬಹುದಿತ್ತು, ಆದರೆ ಹಿಡಿದುಕೊಂಡು ಓಡುವಂತಿರಲಿಲ್ಲ. ಆಟಗಾರನು ಎದುರಾಳಿಗಳನ್ನು ದಾಟಿ ಗೋಲಿನ ಬಳಿ ಮೊದಲೇ ಕಾದು ನಿಲ್ಲುವುದನ್ನು ತಡೆಯುವ ಆಫ್‌ಸೈಡ್ ನಿಯಮವು ಅದರಲ್ಲಿರಲೇ ಇಲ್ಲ. ಪ್ರತಿಯೊಬ್ಬ ಆಟಗಾರನೂ ಕೆಂಪು ಮತ್ತು ಕಡುನೀಲಿ ಬಣ್ಣದ ಎರಡು ಫ್ಲಾನೆಲ್ ಟೋಪಿಗಳನ್ನು ತಾನೇ ತರಬೇಕೆಂಬ ವಿಧಿಯು, ಯಾರು ಯಾವ ಕಡೆಗೆ ಆಡುವರೆಂಬುದು ಮೈದಾನದಲ್ಲೇ ತೀರ್ಮಾನವಾಗುತ್ತಿದ್ದ ಕ್ಲಬ್ಬಿಗೆ ತಕ್ಕುದಾಗಿತ್ತು.

ನೆರೆಯ ಹ್ಯಾಲಮ್ ಕ್ಲಬ್ಬು 1860ರಲ್ಲಿ ಹುಟ್ಟಿದ ಮೇಲೆ, ಆ ವರ್ಷದ ಡಿಸೆಂಬರ್ 26ರಂದು ಸ್ಯಾಂಡಿಗೇಟ್ ಮೈದಾನದಲ್ಲಿ ಇವೆರಡೂ ಎದುರಾದವು. ಎರಡು ಕ್ಲಬ್ಬುಗಳ ನಡುವಿನ ಮೊದಲ ಪಂದ್ಯವೆಂದು ಗುರುತಿಸಲಾಗುವ ಈ ಆಟದಲ್ಲಿ ಶೆಫೀಲ್ಡ್ ಗೆದ್ದಿತು. ಸಖ್ಯ ಬಹುಕಾಲ ಉಳಿಯಲಿಲ್ಲ. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಸರಬರಾಜು ನಿಂತು ಕೆಲಸ ಕಳೆದುಕೊಂಡಿದ್ದ ಲ್ಯಾಂಕಷೈರಿನ ಗಿರಣಿ ಕಾರ್ಮಿಕರ ನೆರವಿಗಾಗಿ 1862ರ ಡಿಸೆಂಬರಿನಲ್ಲಿ ಬ್ರಾಮಲ್ ಲೇನ್ ಮೈದಾನದಲ್ಲಿ ನಡೆದ ಪಂದ್ಯದಲ್ಲಿ, ವಾಟರ್‌ಫಾಲ್ ಎಂಬ ಹ್ಯಾಲಮ್ ಆಟಗಾರನು ಕ್ರೆಸ್ವಿಕ್ ಮೇಲೆ ಕೈಮಾಡಿದ್ದರಿಂದ ಗಲಭೆಯೆದ್ದು, ಕೊನೆಗೆ ಅವನದೇ ತಂಡದ ಹಿರಿಯರು ಅವನನ್ನು ಗೋಲು ಕಾಯಲು ಕಳುಹಿಸಿದರು. ದಾನಧರ್ಮದ ಆಟಕ್ಕೂ ಇಷ್ಟು ಕಾವೇರಿದ್ದೇ ಪೈಪೋಟಿ ಬೇರೂರಿದ್ದಕ್ಕೆ ಸಾಕ್ಷಿ.

1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ರಚನೆಯಾದಾಗ ಶೆಫೀಲ್ಡ್ ಅದಕ್ಕೆ ಸೇರಿತಾದರೂ ತನ್ನ ನಿಯಮಗಳನ್ನು ಬಿಟ್ಟುಕೊಡಲಿಲ್ಲ. 1866ರಲ್ಲಿ ಬ್ಯಾಟರ್‌ಸೀ ಪಾರ್ಕಿನಲ್ಲಿ ಲಂಡನ್ ತಂಡದ ವಿರುದ್ಧ ಲಂಡನ್ನಿನ ನಿಯಮದಂತೆಯೇ ಆಡಿ ಸೋತ ಮೇಲೂ ಈ ನಿಲುವು ಸಡಿಲಲಿಲ್ಲ. ಎರಡು ಸಂಹಿತೆಗಳು ಅಕ್ಕಪಕ್ಕದಲ್ಲೇ ಬೆಳೆದು 1877ರಲ್ಲಿ ಒಂದಾದಾಗ ಲಂಡನ್ನಿನ ಹೆಸರೇ ಉಳಿಯಿತಾದರೂ, ರಕ್ಷಕ ತಂಡದವರು ಚೆಂಡನ್ನು ತಮ್ಮದೇ ಗೋಲುಗೆರೆಯಾಚೆ ಕಳುಹಿಸಿದಾಗ ಮೈದಾನದ ಮೂಲೆಯಿಂದ ಒದೆಯಲು ದೊರೆಯುವ ಕಾರ್ನರ್ ಕಿಕ್ಕು ಅದಕ್ಕೂ ಮುನ್ನವೇ ಶೆಫೀಲ್ಡಿನಿಂದ ಲಂಡನ್ನಿಗೆ ಹೋಗಿಯಾಗಿತ್ತು. ಸೋತವರೆನ್ನಿಸಿಕೊಂಡವರ ಪಾಲು ಗೆದ್ದವರ ಪುಸ್ತಕದಲ್ಲಿ ಕಡಿಮೆಯೇನಲ್ಲ.

ಹಣ ಪಡೆದು ಆಡುವ ವೃತ್ತಿಪರ ಪದ್ಧತಿಗೆ 1885ರಲ್ಲಿ ಅಧಿಕೃತ ಒಪ್ಪಿಗೆ ಸಿಕ್ಕ ಮೇಲೆ, ಹವ್ಯಾಸಿಯಾಗಿಯೇ ಉಳಿಯಲು ನಿರ್ಧರಿಸಿದ ಈ ಕ್ಲಬ್ಬನ್ನು ಅದೇ ನಗರದ ವೆನ್ಸ್‌ಡೇ ಮತ್ತು ಯುನೈಟೆಡ್ ಎಂಬ ಕ್ಲಬ್ಬುಗಳು ಹಿಂದೆ ಹಾಕಿದವು. ಹವ್ಯಾಸಿಗಳಿಗೆಂದೇ ಮೀಸಲಾದ ಅಮೆಚೂರ್ ಕಪ್ಪನ್ನು ಅದು ಗೆದ್ದುದು 1904ರಲ್ಲಿ, ಒಂದೇ ಬಾರಿ.