ಬಾಖ್, ಯೋಹಾನ್ ಸೆಬಾಸ್ಟಿಯನ್

1685-1750. ಜರ್ಮನಿಯ ಸಂಗೀತಕಾರ, ಆರ್ಗನ್ ವಾದಕ. ಲೈಪ್‌ಜಿಗ್ ನಗರದ ಸೇಂಟ್ ಥಾಮಸ್ ಶಾಲೆಯ ಕ್ಯಾಂಟರ್, ಎಂದರೆ ಸಂಗೀತೋಪಾಧ್ಯಾಯ ಹಾಗೂ ಚರ್ಚಿನ ಗಾಯಕವೃಂದದ ಮುಖ್ಯಸ್ಥ. ಪಾಶ್ಚಾತ್ಯ ಸಂಗೀತದ ಮಾತು ಬಂದಾಗ ಇಂದು ಮೊದಲು ನೆನಪಾಗುವ ಹೆಸರುಗಳಲ್ಲಿ ಈತನದೂ ಒಂದು. ಆದರೆ ಬದುಕಿನ ಕೊನೆಯ 27 ವರ್ಷ ಈತ ನಗರಸಭೆಯ ಸಂಬಳಕ್ಕೆ ದುಡಿದ ಶಾಲಾಮೇಷ್ಟರು. ದೊಡ್ಡ ಕೃತಿಗಳಲ್ಲಿ ಹಲವು ಹುಟ್ಟಿದ್ದು ಆ ಚಾಕರಿಯ ಭಾಗವಾಗಿಯೇ.

ಹುಟ್ಟಿದ್ದು ಐಸೆನಾಖ್‌ನಲ್ಲಿ, ತಲೆಮಾರುಗಳಿಂದ ಸಂಗೀತವನ್ನೇ ವೃತ್ತಿಯಾಗಿಸಿಕೊಂಡಿದ್ದ ಮನೆತನದಲ್ಲಿ. ಹತ್ತು ವರ್ಷ ತುಂಬುವ ಮೊದಲೇ ತಾಯಿ ತಂದೆ ಇಬ್ಬರೂ ತೀರಿಕೊಂಡರು. ಓರ್ಡ್ರುಫ್‌ನಲ್ಲಿ ಆರ್ಗನ್ ನುಡಿಸುತ್ತಿದ್ದ ಅಣ್ಣನ ಮನೆಯಲ್ಲಿ ಬೆಳೆದು, 1700ರಲ್ಲಿ ಲ್ಯೂನೆಬುರ್ಗ್‌ನ ಶಾಲೆಗೆ ಹೋಗಿ ಅಲ್ಲಿನ ಗಾಯಕವೃಂದದಲ್ಲಿ ಹಾಡಿದ. 1703ರಲ್ಲಿ ಆರ್ನ್‌ಸ್ಟಾಟ್‌ನ ಚರ್ಚಿನಲ್ಲಿ ಆರ್ಗನ್ ವಾದಕನ ಕೆಲಸ ಸಿಕ್ಕಿತು. ಅಲ್ಲಿನ ಹುಡುಗರೊಡನೆ ಒಗ್ಗಿಹೋಗಲಿಲ್ಲ. ಬಸೂನ್ ನುಡಿಸುವ ವಿದ್ಯಾರ್ಥಿಯೊಬ್ಬನನ್ನು ಹೀಯಾಳಿಸಿದ್ದರಿಂದ ಬೀದಿಜಗಳವಾಗಿ, ಬಾಖ್ ಕತ್ತಿ ಹಿರಿದದ್ದೂ ಉಂಟು. ನಾಲ್ಕು ವಾರ ರಜೆ ಪಡೆದು ಬುಕ್ಸ್‌ಟೆಹೂಡನ ಆರ್ಗನ್ ವಾದನ ಕೇಳಲು ಲ್ಯೂಬೆಕ್‌ಗೆ ಕಾಲ್ನಡಿಗೆಯಲ್ಲಿ ಹೋದವನು ಮರಳಿದ್ದು ಸುಮಾರು ನಾಲ್ಕು ತಿಂಗಳ ಮೇಲೆ. ಮೇಲಿನವರ ಮಾತಿಗೆ ಸುಲಭವಾಗಿ ಬಗ್ಗದ ಈ ಸ್ವಭಾವ ಕೊನೆಯವರೆಗೂ ಉಳಿಯಿತು. ಮುಂದೆ ಮ್ಯೂಲ್‌ಹೌಸೆನ್, ವೈಮಾರ್, ಕ್ಯೋತೆನ್‌ಗಳಲ್ಲಿ ಕೆಲಸ ಮಾಡಿದ. ವೈಮಾರ್ ಬಿಡಲು ಹಟ ಹಿಡಿದದ್ದಕ್ಕೆ ಅಲ್ಲಿನ ದೊರೆ 1717ರಲ್ಲಿ ಸುಮಾರು ನಾಲ್ಕು ವಾರ ಸೆರೆಯಲ್ಲಿಟ್ಟ.

ಲೈಪ್‌ಜಿಗ್‌ನ ಕ್ಯಾಂಟರ್ ಕುನಾವ್ 1722ರಲ್ಲಿ ತೀರಿಕೊಂಡಾಗ ನಗರಸಭೆಯ ಕಣ್ಣು ಬಾಖ್ ಮೇಲಿರಲಿಲ್ಲ. ಮೊದಲು ಟೆಲೆಮಾನ್, ಆಮೇಲೆ ಗ್ರೌಪ್ನರ್, ಇಬ್ಬರೂ ಕೈತಪ್ಪಿದರು. ಉತ್ತಮರು ಸಿಗದಿದ್ದರೆ ಮಧ್ಯಮದವರನ್ನೇ ತೆಗೆದುಕೊಳ್ಳಬೇಕಾದೀತು ಎಂಬರ್ಥದ ಮಾತನ್ನು ಸಭಾಸದನೊಬ್ಬ ಆಡಿದ್ದು ನಡಾವಳಿಯಲ್ಲಿದೆ. ಇದನ್ನು ಬಾಖ್‌ಗೆ ಆದ ಅವಮಾನವೆಂದು ಎತ್ತಿ ಹೇಳುವುದು ರೂಢಿ. ಸಭೆಯ ಒಂದು ಬಣಕ್ಕೆ ಬೇಕಾಗಿದ್ದದ್ದು ಪಾಠ ಹೇಳಬಲ್ಲ ಮೇಷ್ಟರು, ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಬಾಖ್ ಆ ಲೆಕ್ಕಕ್ಕೆ ಕಡಿಮೆ ಬಿದ್ದ ಎಂದು ನೋಡಿದರೆ ಮಾತು ಅಷ್ಟು ವಿಚಿತ್ರವಲ್ಲ. ಕೆಲಸದ ಜೊತೆಗೆ ಲ್ಯಾಟಿನ್ ಪಾಠವೂ ಅಂಟಿಕೊಂಡಿತ್ತು. ವರ್ಷಕ್ಕೆ 50 ಟಾಲರ್ ಕೊಟ್ಟು ಅದನ್ನು ಸಹೋದ್ಯೋಗಿಗೆ ಹೊರಿಸಿ ಬಾಖ್ ತಪ್ಪಿಸಿಕೊಂಡ.

1723ರ ಮೇ 30ರಂದು ಹೊಸ ಹುದ್ದೆಯ ಮೊದಲ ಕಾಂಟಾಟಾ ಹಾಡಿಸಿದ. ಅಲ್ಲಿಂದ ಮುಂದೆ ಭಾನುವಾರಗಳ ಓಟ. ಆರಾಧನೆಗೆಂದು ಗಾಯನ, ವಾದ್ಯಮೇಳ ಎರಡಕ್ಕೂ ಬರೆದ ಕಾಂಟಾಟಾ ವರ್ಷಕ್ಕೆ ಸುಮಾರು 60 ಬೇಕಾಗುತ್ತಿತ್ತು. ಮೊದಲ ಕೆಲವು ವರ್ಷ ಹೆಚ್ಚುಕಡಿಮೆ ವಾರಕ್ಕೊಂದರಂತೆ ಹೊಸದನ್ನೇ ಬರೆದ. ಬರೆದರೆ ಸಾಲದು: ಪ್ರತಿ ಗಾಯಕ, ವಾದಕನ ಪಾಲನ್ನು ಬೇರೆಬೇರೆ ಹಾಳೆಗೆ ನಕಲು ಮಾಡಿಸಬೇಕು. ಶಾಲೆಯ ಕಟ್ಟಡದಲ್ಲೇ ಇದ್ದ ಮನೆಯಲ್ಲಿ ಹೆಂಡತಿ ಆನಾ ಮಗ್ದಲೇನಾ (ಸ್ವತಃ ವೃತ್ತಿಗಾಯಕಿ), ಮಕ್ಕಳು, ಶಿಷ್ಯರು ಕೂತು ನಕಲಿಸಿದ ಹಾಳೆಗಳು ಈಗಲೂ ಇವೆ. ಅವುಗಳ ಕೈಬರಹ, ಕಾಗದದ ನೀರಚ್ಚು ನೋಡಿಯೇ ಕೃತಿಗಳ ಕಾಲವನ್ನು ವಿದ್ವಾಂಸರು 1950ರ ದಶಕದಲ್ಲಿ ಮತ್ತೆ ಗೊತ್ತುಮಾಡಿದರು.

ಹಾಡುವವರು ಶಾಲೆಯ ಹುಡುಗರೇ. ಸುಮಾರು 55 ಮಂದಿ ವಸತಿ ವಿದ್ಯಾರ್ಥಿಗಳನ್ನು ನಾಲ್ಕು ಮೇಳಗಳಾಗಿ ಹಂಚಿ ನಾಲ್ಕು ಚರ್ಚುಗಳಿಗೆ ಕಳಿಸಬೇಕಿತ್ತು. ಮದುವೆ, ಶವಸಂಸ್ಕಾರಗಳಲ್ಲೂ ಅವರೇ ಹಾಡಬೇಕು. ಬಾಖ್ ಕೆಲಸ ಮಾಡುತ್ತಿಲ್ಲವೆಂದು ನಗರಸಭೆ 1730ರ ಆಗಸ್ಟ್‌ನಲ್ಲಿ ಗೊಣಗಿದಾಗ, ಅದೇ ತಿಂಗಳ 23ರಂದು ಈತ ಸಲ್ಲಿಸಿದ ಮನವಿ ಕುತೂಹಲಕರವಾಗಿದೆ. ಯಾರಾದರೂ ಕಾಯಿಲೆ ಬಿದ್ದರೂ ಹಾಡು ನಿಲ್ಲದಂತೆ ಒಂದು ಮೇಳಕ್ಕೆ ಕನಿಷ್ಠ 12 ಗಾಯಕರು ಬೇಕು. 16 ಇದ್ದರೆ ಇನ್ನೂ ಒಳ್ಳೆಯದು. ಇರುವ ಹುಡುಗರಲ್ಲಿ 17 ಮಂದಿ ಪ್ರಯೋಜನಕ್ಕೆ ಬರುವವರು, 20 ಮಂದಿ ಇನ್ನೂ ಪಳಗಬೇಕಾದವರು, 17 ಮಂದಿ ಯಾವುದಕ್ಕೂ ಆಗದವರು ಎಂದು ಹೆಸರು ಸಮೇತ ಪಟ್ಟಿ ಕೊಟ್ಟ. ವಾದಕರಾಗಿ ನಗರದ ಸಂಬಳದಲ್ಲಿದ್ದವರು ಎಂಟೇ ಜನ, ಅವರಲ್ಲೊಬ್ಬ ಕಲಿಯುವವ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಹಳೆಯ ಗೆಳೆಯ ಏರ್ಡ್‌ಮಾನ್‌ಗೆ ಬರೆದ ಕಾಗದದಲ್ಲಿ, ಬೇರೆ ಕೆಲಸ ಸಿಕ್ಕೀತೇ ಎಂದು ವಿಚಾರಿಸುತ್ತ ವರಮಾನದ ಲೆಕ್ಕವನ್ನೂ ಬಿಚ್ಚಿಟ್ಟಿದ್ದಾನೆ: ವರ್ಷಕ್ಕೆ ಸುಮಾರು 700 ಟಾಲರ್; ಊರಲ್ಲಿ ಸಾವು ಹೆಚ್ಚಾದರೆ ಆದಾಯವೂ ಹೆಚ್ಚು, ಹವೆ ಚೆನ್ನಾಗಿದ್ದ ಹಿಂದಿನ ವರ್ಷ ಶವಸಂಸ್ಕಾರದ ಸಂಭಾವನೆಯಲ್ಲಿ 100 ಟಾಲರ್‌ಗೂ ಮಿಕ್ಕಿ ಖೋತಾ! ಕೆಲಸ ಮಾತ್ರ ಸಿಗಲಿಲ್ಲ.

ಇಂಥ ಹುಡುಗರನ್ನು ಮುಂದಿಟ್ಟುಕೊಂಡೇ ಸೇಂಟ್ ಜಾನ್ ಪ್ಯಾಷನ್ (1724), ಸೇಂಟ್ ಮ್ಯಾಥ್ಯೂ ಪ್ಯಾಷನ್ (1727) ಎಂಬ, ಯೇಸುವಿನ ಯಾತನೆ, ಮರಣಗಳ ಕಥೆ ಹೇಳುವ ಕೃತಿಗಳನ್ನು ಹಾಡಿಸಿದ ಎಂಬುದು ಬೆರಗಿನ ಸಂಗತಿ. ಎರಡನೆಯದಕ್ಕೆ ಎರಡು ಗಾಯಕವೃಂದ, ಎರಡು ವಾದ್ಯಮೇಳ ಬೇಕು. 1736ರಿಂದ ಮುಖ್ಯೋಪಾಧ್ಯಾಯ ಏರ್ನೆಸ್ಟಿಯೊಡನೆ ದೀರ್ಘ ಜಗಳ ನಡೆಯಿತು. ಮೇಳ ನಡೆಸುವ ಹಿರಿಯ ವಿದ್ಯಾರ್ಥಿಯನ್ನು ಆರಿಸುವ ಅಧಿಕಾರ ಯಾರದು ಎಂಬುದೇ ವಿವಾದ. ದೂರು ದೊರೆಯವರೆಗೂ ಹೋಯಿತು.

ಖಾಸಗಿ ಶಿಷ್ಯರಿಗೆ ಮಾತ್ರ ಈತ ಒಳ್ಳೆಯ ಗುರು. ಮಗ ವಿಲ್‌ಹೆಲ್ಮ್ ಫ್ರೀಡ್‌ಮಾನ್‌ನ ಅಭ್ಯಾಸದ ಪುಸ್ತಕದಲ್ಲಿ ಮೊದಲು ರೂಪುಗೊಂಡ ಕಿರುರಚನೆಗಳು ‘ಇನ್ವೆನ್ಶನ್’ಗಳಾಗಿ ಇಂದಿಗೂ ಪಿಯಾನೋ ಕಲಿಯುವವರ ಪಾಠದಲ್ಲಿವೆ. ಕ್ರೆಬ್ಸ್, ಕಿರ್ನ್‌ಬರ್ಗರ್, ಮುಂದೆ ತಾನೇ ಸೇಂಟ್ ಥಾಮಸ್ ಶಾಲೆಯ ಕ್ಯಾಂಟರ್ ಆದ ಡೋಲೆಸ್ ಈತನಲ್ಲಿ ಕಲಿತವರು.

ಬಾಖ್ ಇನ್ನೂ ಬದುಕಿರುವಾಗಲೇ, 1749ರ ಜೂನ್‌ನಲ್ಲಿ, ಉತ್ತರಾಧಿಕಾರಿಯೆಂದು ಹಾರರ್ ಎಂಬಾತನನ್ನು ನಗರಸಭೆ ಪರೀಕ್ಷಿಸಿ ನೋಡಿತು. ಮರುವರ್ಷ ಇಂಗ್ಲಿಷ್ ವೈದ್ಯ ಜಾನ್ ಟೇಲರ್ ಎರಡು ಬಾರಿ ಮಾಡಿದ ಕಣ್ಣಿನ ಶಸ್ತ್ರಚಿಕಿತ್ಸೆ ಫಲಿಸಲಿಲ್ಲ. 1750ರ ಜುಲೈ 28ರಂದು ತೀರಿಕೊಂಡ. ಹತ್ತು ವರ್ಷದ ಮೇಲೆ ತೀರಿಕೊಂಡ ಆನಾ ಮಗ್ದಲೇನಾಳನ್ನು ಊರಿನ ದಾಖಲೆ ದಾನದಲ್ಲಿ ಬದುಕುವವಳೆಂದು ಗುರುತಿಸಿದೆ. ಐದು ವರ್ಷಗಳಿಗಾಗುವಷ್ಟು ಕಾಂಟಾಟಾಗಳಿದ್ದವೆಂದು 1754ರಲ್ಲಿ ಅಚ್ಚಾದ ಬಾಖ್‌ನ ಚರಮಲೇಖನ ಹೇಳುತ್ತದೆ. ಹಸ್ತಪ್ರತಿಗಳು ಮಕ್ಕಳಲ್ಲಿ ಹಂಚಿಹೋಗಿ, ಫ್ರೀಡ್‌ಮಾನ್‌ನಂಥವರು ಹಣಕ್ಕಾಗಿ ಮಾರಿಕೊಂಡ ಮೇಲೆ ಈಗ ಉಳಿದಿರುವ ಚರ್ಚಿನ ಕಾಂಟಾಟಾಗಳು ಸುಮಾರು 200.